ಹಾಡು ನಿಲ್ಲಿಸಿ ಹೆಸರು ಕೂಗಿದವರು

ಹರಪನಹಳ್ಳಿ ಬಸ್ ನಿಲ್ದಾಣದ ಸಂಚಾರ ನಿಯಂತ್ರಕರಾಗಿ ಕಳೆದ ಮೇ ತಿಂಗಳಲ್ಲಿ ನಿವೃತ್ತರಾದ ಶ್ರೀ ಕೊಟ್ರಬಸಪ್ಪನವರ ಬಗ್ಗೆ ಈ ಸಂಪುಟದಲ್ಲಿ ಅವರ ಇಲಾಖೆಯ ಹಿರಿಯರು ಬೇಕಾದಷ್ಟು ಬರೆದಿದ್ದಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳಿಗೆ ಹೊರಡುವ ಬಸ್ಸುಗಳನ್ನು ಅವರು ಮೈಕಿನಲ್ಲಿ ಕೂಗಿ ಹೇಳುತ್ತಿದ್ದ ಸೊಗಸನ್ನು, ಜಾತ್ರೆ ಪರೀಕ್ಷೆಗಳ ನೂಕುನುಗ್ಗಲಿನಲ್ಲೂ ತಾಳ್ಮೆ ಕಳೆದುಕೊಳ್ಳದ ಅವರ ಸ್ವಭಾವವನ್ನು ವರ್ಣಿಸುವ ಕೆಲಸ ಅವರಿಗೇ ಇರಲಿ. ನನ್ನ ಪಾಲಿಗೆ ಬಂದಿರುವುದು ಅವರ ಇನ್ನೊಂದು ಸೇವೆ. ನಮ್ಮ ಈ ಸುತ್ತಲಿನ ತಾಲ್ಲೂಕುಗಳ ಜನರಿಗೆ ರಾಕ್ ಸಂಗೀತವೆಂಬುದನ್ನು ಕೇಳಿಸಿದವರು, ಕೇಳಲು ಒಲ್ಲೆನೆಂದವರಿಗೂ ಬಿಡದೆ ಕೇಳಿಸಿದವರು ಅವರು. ಅವರ ‘ಚಿಕ್ಕಹಗರಿ’ ಬ್ಯಾಂಡಿನಲ್ಲಿ ಮೊದಲಿನಿಂದಲೂ ಕೀಬೋರ್ಡ್ ನುಡಿಸಿದ, ಆಗಾಗ ಅವರೊಡನೆ ಜಗಳವನ್ನೂ ಆಡಿದ ಹಕ್ಕಿನಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

1991ರಲ್ಲಿ ತರಬೇತಿಗೆಂದು ಹುಬ್ಬಳ್ಳಿಗೆ ಹೋಗಿದ್ದಾಗ ಒಂದು ಸಂಜೆ ಕಾಲೇಜಿನ ಮೈದಾನವೊಂದರಲ್ಲಿ ನಾಲ್ವರು ಹುಡುಗರು ಗಿಟಾರು ಮೀಟಿ, ಡ್ರಮ್ ಬಡಿದು, ಗಂಟಲು ಹರಿಯುವಂತೆ ಹಾಡುವುದನ್ನು ಕೊಟ್ರಬಸಪ್ಪನವರು ಕಂಡರಂತೆ. ಆಗ ಅವರಿಗೆ ನಲವತ್ತೆರಡು. ಆ ವಯಸ್ಸಿಗೆ ನಮ್ಮ ಕಡೆಯ ಗಂಡಸರು ಮಗಳಿಗೆ ಗಂಡು ಹುಡುಕಲು ಹೊರಡುತ್ತಾರೆ. ಇವರು ಗಿಟಾರು ಹುಡುಕಲು ಹೊರಟರು. ಅವರ ತಂದೆ ಮದುವೆಗಳಲ್ಲಿ ಹಲಗೆ ಬಾರಿಸುತ್ತಿದ್ದವರು, ಅದೂ ಚಪ್ಪರದ ಹೊರಗೆ ನಿಂತು. ಹಾಗಾಗಿ ಮಗ ಡ್ರಮ್ಮನ್ನೇ ಹಿಡಿಯುತ್ತಾನೆಂದು ಎಲ್ಲರೂ ಎಣಿಸಿದ್ದರು. “ಹಲಗಿ ಹಿಡಿದಾಂವ ಎಲ್ಲಿ ನಿಂದ್ರಬೇಕು ಅಂತ ಊರಿಗೆ ಗೊತ್ತೈತಿ ಮೇಡಮ್ಮಾರ. ಗಿಟಾರಿನಾಂವಗ ಇನ್ನೂ ಯಾರೂ ಜಾಗ ತೋರ್ಸಿಲ್ಲ” ಎಂದು ಅವರು ಒಮ್ಮೆ ನಗುತ್ತ ನನಗೆ ಹೇಳಿದ್ದರು. ನಾನೂ ನಕ್ಕಿದ್ದೆ. ಆ ಮಾತು ನೋವಿನದೆಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಟ್ರ್ಯಾಕ್ಟರ್ ರಿಪೇರಿಯ ಎರ್ರೆಪ್ಪ ಡ್ರಮ್ಮಿಗೆ ಕೂತ. ಕ್ಯಾಸೆಟ್ ಅಂಗಡಿಯ ಗವಿಸಿದ್ದೇಶ್ ಬೇಸ್ ಗಿಟಾರು ಹಿಡಿದ. ಶಾಲೆಯಲ್ಲಿ ಕನ್ನಡ ಕಲಿಸುತ್ತ, ಸೋಮವಾರದ ಭಜನೆಗೆ ಹಾರ್ಮೋನಿಯಂ ನುಡಿಸಿಕೊಂಡಿದ್ದ ನನ್ನನ್ನು ಕೇಳಲು ಕೊಟ್ರಬಸಪ್ಪನವರು ಪತ್ನಿ ಮಂಜಮ್ಮನವರೊಡನೆ ಮನೆಗೇ ಬಂದರು. ನಮ್ಮ ಮಾವ ಅಜ್ಜಯ್ಯನವರು ವಿಷಯ ಕೇಳಿ ಮುಖ ಗಂಟಿಕ್ಕಿದರು. “ನಮ್ಮ ಸೊಸಿ ಮಂದಿ ಮುಂದ ಕೂಗಾಡೋದು ಬ್ಯಾಡ್ರಿ.”

“ಕೂಗಾಡೋದು ನಾನ್ರಿ ಯಜಮಾನ್ರ. ಅವ್ರು ಬರೇ ಬಾರಸ್ತಾರ” ಎಂದರು ಕೊಟ್ರಬಸಪ್ಪನವರು. ಮಾವನವರು ನಗು ತಡೆಯಲಾರದೆ ಒಪ್ಪಿಕೊಂಡರು. ಅಂದಿನಿಂದ ನಾನು ಹೋದ ಒಂದೊಂದು ಊರಿಗೂ ಮಂಜಮ್ಮನವರು ಜೊತೆಗೆ ಬಂದರು. ನನ್ನ ಬಗ್ಗೆ ಯಾರೊಬ್ಬರೂ ಹಗುರವಾಗಿ ಮಾತಾಡದಂತೆ ನೋಡಿಕೊಂಡ ಆ ದಂಪತಿಗಳ ಋಣ ನನ್ನ ಮೇಲಿದೆ.

ನಮ್ಮ ಸ್ವಂತದ್ದೆನ್ನುವ ಹಾಡು ಒಂದೇ ಇತ್ತು. ‘ಕೊನೇ ಗಾಡಿ’ ಎಂದು ಅದರ ಹೆಸರು, ಬರೆದವರೂ ಕೊಟ್ರಬಸಪ್ಪನವರೇ. ಕಾಲು ಗಂಟೆಯ ಆ ಹಾಡಿನ ನಡುವೆ ಮಾತೆಲ್ಲ ನಿಂತು ಗಿಟಾರೂ ಡ್ರಮ್ಮೂ ಒಂದನ್ನೊಂದು ಅಟ್ಟಿಸಿಕೊಂಡು ಓಡುವ ಭಾಗವೊಂದಿತ್ತು. ಎರ್ರೆಪ್ಪನ ಪ್ರಾಣವೆಲ್ಲ ಅಲ್ಲಿತ್ತು. ಆದರೆ ನಮಗೆ ಸಿಗುತ್ತಿದ್ದುದು ಮದುವೆಯ ಚಪ್ಪರಗಳು. ಅಲ್ಲಿ ಆಯೇರಿ ಓದುವ ಪದ್ಧತಿ ಉಂಟಲ್ಲ, ಅದು ನಮ್ಮ ಹಾಡಿಗೆ ಶನಿಯಾಗಿ ವಕ್ಕರಿಸಿತ್ತು. ಇಂಥವರು ಹುಡುಗಿಗೆ ಸೀರೆ, ಇಂಥವರು ಹುಡುಗನಿಗೆ ಗಡಿಯಾರ ಎಂದು ಯಾರಾದರೊಬ್ಬರು ಮೈಕು ಕಸಿದುಕೊಂಡು ಓದಲು ನಿಂತರೆ ನಾವು ಕೈ ಕಟ್ಟಿ ನಿಲ್ಲಬೇಕು. ಓದಿ ಮುಗಿಯುವಷ್ಟರಲ್ಲಿ ಹಾಡು ಆರಿಹೋಗಿರುತ್ತಿತ್ತು. ವರ್ಷಗಟ್ಟಲೆ ಊರೂರು ತಿರುಗಿದರೂ ‘ಕೊನೇ ಗಾಡಿ’ ಒಂದು ಸಲವೂ ಊರು ಮುಟ್ಟಲಿಲ್ಲ.

ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿದ ವರ್ಷ, 1997ರಲ್ಲಿ, ಹಿರೇಹಡಗಲಿಯಲ್ಲೊಂದು ಮದುವೆ. ಎರ್ರೆಪ್ಪ ಬೆಳಿಗ್ಗೆಯೇ ಹುಡುಗಿಯ ಸೋದರಮಾವ ಬೆನಕಪ್ಪನವರ ಬೆನ್ನು ಬಿದ್ದ. ಪುಣ್ಯಾತ್ಮರು ಒಪ್ಪಿದರು. “ಆತು ಬಿಡಪ. ಆಯೇರಿ ಎಲ್ಲಾ ಮೊದಲ ಓದಿ ಮುಗಸ್ತೀನಿ. ಆಮ್ಯಾಲೆ ಮೈಕು ನಿಮ್ದ.” ಅಂದಂತೆಯೇ ಓದಿ ಮುಗಿಸಿ, ಮೈಕನ್ನು ಎರಡೂ ಕೈಯಿಂದ ಒಪ್ಪಿಸಿದರು. ಎರ್ರೆಪ್ಪನ ಮುಖ ನೋಡಬೇಕಿತ್ತು, ಮದುಮಗನಿಗಿಂತ ಹೆಚ್ಚು ಕಳೆಕಳೆಯಾಗಿತ್ತು.

ಹಾಡು ಶುರುವಾಗುವ ಹೊತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಗಿಡ್ಡಮ್ಮ ಎಂಬ ಮುದುಕಿ ಸೆರಗಿಗೆ ಕೈ ಒರೆಸುತ್ತ ಬಂದಳು. ಕೈಯಲ್ಲೊಂದು ಹೊಸ ಸ್ಟೀಲಿನ ತಂಬಿಗೆ. “ಯಪ್ಪಾ, ನಂದೂ ಒಂದು ಓದ್ರಿ” ಎಂದಳು. ಬೆನಕಪ್ಪನವರು, “ಓದೋದು ಮುಗೀತಬೇ. ಅಲ್ಲಿಟ್ಟು ಹೋಗು” ಎಂದರು. ಅವರು ಕೆಟ್ಟವರಲ್ಲ, ನಮಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದರು. ಮುದುಕಿ ತಂಬಿಗೆಯನ್ನು ಇಡಲಿಲ್ಲ. ಸ್ವಲ್ಪ ಹೊತ್ತು ವೇದಿಕೆಯ ಪಕ್ಕ ನಿಂತು, ಆಮೇಲೆ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ತಿರುಗಿ ಹೊರಟಳು.

ಗಿಟಾರೂ ಡ್ರಮ್ಮೂ ಓಡುವ ಭಾಗ ಆಗಷ್ಟೇ ಕಾವೇರಿತ್ತು. ಕೊಟ್ರಬಸಪ್ಪನವರು ಆಕೆ ಹೋಗುವುದನ್ನು ಕಂಡರು. ಕೈ ಎತ್ತಿ ಹಾಡನ್ನು ನಿಲ್ಲಿಸಿಯೇಬಿಟ್ಟರು. ಚಪ್ಪರವೆಲ್ಲ ಗಪ್ಪಾಯಿತು. ಊಟಕ್ಕೆ ಬಡಿಸಿದವರ, ನೀರು ಕೊಟ್ಟವರ ಹೆಸರು ಕೇಳಿಟ್ಟುಕೊಳ್ಳುವುದು ಅವರ ರೂಢಿ; ಮಧ್ಯಾಹ್ನವೇ ಆಕೆಯ ಹೆಸರು ಕೇಳಿದ್ದರು. “ಗಿಡ್ಡಮ್ಮಾ…” ಎಂದು ಅದೇ ರಾಗದಲ್ಲಿ, ಎದೆಯಿಂದ, ಇಡೀ ಒಂದು ಸಾಲಿನುದ್ದಕ್ಕೂ ಎಳೆದು ಹಾಡಿದರು. “ಗಿಡ್ಡಮ್ಮ ತಂದಾಳ ತಂಬಿಗಿ, ಮದುಮಗಳಿಗೆ ತಂಬಿಗಿ!” ಆಕೆ ನಿಂತಳು. ನೂರಾರು ಮಂದಿ ತನ್ನತ್ತ ನೋಡುತ್ತಿರುವಾಗ ಹಿಂತಿರುಗಿ ಬಂದು, ಮದುಮಗಳ ಕೈಗೇ ತಂಬಿಗೆ ಕೊಟ್ಟು ಗಲ್ಲ ಸವರಿದಳು. ನನಗೆ ಕಣ್ಣು ತುಂಬಿ ಕೀಬೋರ್ಡು ಕಾಣದಾಯಿತು.

ಎರ್ರೆಪ್ಪನ ಕಣ್ಣು ಕೆಂಪಾಗಿತ್ತು. “ಮಂದಿ ಹಾಡು ಕಡೀತಿದ್ರು, ಸಹಿಸಿದ್ನಿ. ಮಂದಿ ಬಾಯಿ ಮುಚ್ಕೊಂಡು ಕುಂತಾಗ ನೀನ ಕಡದ್ಯಲ್ಲಣ್ಣ!”

“ಆಕಿ ಹೊಂಟಿದ್ಲಲೇ.”

“ಹಾಡು ಮುಗಿದ ಮ್ಯಾಲೆ ಕರೀಬೇಕಾಗಿತ್ತು.”

“ಅಷ್ಟೊತ್ತಿಗೆ ಆಕಿ ಎಲ್ಲಿರ್ತಿದ್ಲು?” ಎಂದು ಕೇಳಿ, “ನಮ್ಮಪ್ಪ ಊರ ಮದುವಿಗೆಲ್ಲಾ ಬಾರಿಸ್ಯಾನ. ಒಂದು ಮದುವ್ಯಾಗೂ ಅವನ ಹೆಸರು ನಾನು ಕೇಳಿಲ್ಲ” ಎಂದರು.

ಎರ್ರೆಪ್ಪ ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟು ಇಳಿದು ಹೋದ. ನಮ್ಮ ತಾಲ್ಲೂಕಿನದೇ ಆದ ಅರಸೀಕೆರೆಯಲ್ಲಿ ವೆಲ್ಡಿಂಗ್ ಅಂಗಡಿ ಹಾಕಿಕೊಂಡನೆಂದು ಆಮೇಲೆ ತಿಳಿಯಿತು. ಅವನದು ತಪ್ಪೆಂದು ನಾನು ಅಂದೂ ಅನ್ನಲಿಲ್ಲ, ಇಂದೂ ಅನ್ನಲಾರೆ. ಹಾಡನ್ನು ಅಷ್ಟು ಪ್ರೀತಿಸಿದವನಿಗೆ ಸಿಟ್ಟು ಬರದಿದ್ದರೆ ಆಶ್ಚರ್ಯ.

ಮುಂದಿನ ಹತ್ತು ವರ್ಷ ನಮ್ಮ ಬ್ಯಾಂಡಿನ ಹೆಸರು ಎಲ್ಲೆಡೆ ಹಬ್ಬಿತು. ಕೊಟ್ರಬಸಪ್ಪನವರು ಹೆಸರು ಕೂಗುವುದನ್ನು ಕೇಳಲೆಂದೇ ಜನ ಬರತೊಡಗಿದರು. ಸಾಹುಕಾರರ ಹೆಸರಿಗೂ ನೀರು ಹೊತ್ತವಳ ಹೆಸರಿಗೂ ಅವರು ಒಂದೇ ಉದ್ದದ ರಾಗ ಎಳೆಯುತ್ತಿದ್ದರು. ಇದರಿಂದ ಮುನಿಸಿಕೊಂಡ ಸಾಹುಕಾರರೂ ಇದ್ದರು. ಡ್ರಮ್ಮಿಗೆ ಯಾರು ಯಾರೋ ಬಂದರು, ಹೋದರು. ಪ್ರತಿ ಕಾರ್ಯಕ್ರಮದ ಮೊದಲು ಕೊಟ್ರಬಸಪ್ಪನವರು ಜನರ ಕಡೆಗೊಮ್ಮೆ ಕಣ್ಣಾಡಿಸುತ್ತಿದ್ದರು. ಎರ್ರೆಪ್ಪನನ್ನು ಹುಡುಕುತ್ತಿದ್ದಾರೆಂದು ನಮಗೆ ಗೊತ್ತಿತ್ತು. ಮೂರು ಸಲ ಅರಸೀಕೆರೆಗೆ ಹೋಗಿ, ಬರೀ ಚಹಾ ಕುಡಿದು ಬಂದದ್ದನ್ನೂ ಮಂಜಮ್ಮನವರು ಹೇಳಿದ್ದರು.

ಮೇ ತಿಂಗಳ ಕೊನೆಯ ದಿನ ಡಿಪೋ ಅಂಗಳದಲ್ಲಿ ಬೀಳ್ಕೊಡುಗೆ. ಹಾರ, ಶಾಲು, ಭಾಷಣಗಳೆಲ್ಲ ಮುಗಿದು ನಾವು ವಾದ್ಯ ಜೋಡಿಸುತ್ತಿರುವಾಗ ಎರ್ರೆಪ್ಪ ಬಂದ. ತಲೆ ಅರ್ಧ ನರೆತಿತ್ತು. ಯಾರೊಡನೆಯೂ ಮಾತಾಡದೆ ಡ್ರಮ್ಮಿನ ಮುಂದೆ ಕೂತು ತಿರುಪು ಬಿಗಿ ಮಾಡತೊಡಗಿದ. ಕೊಟ್ರಬಸಪ್ಪನವರು ನನ್ನನ್ನೂ ಗವಿಸಿದ್ದೇಶನನ್ನೂ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ಇವತ್ತು ಯಾರ ಹೆಸರೂ ಇಲ್ಲ. ಹಾಡು ಪೂರ್ತಿ ಆಗ್ಲಿ. ಅವಗ ಅಷ್ಟು ಕೊಡಾಕ ಬೇಕು.”

ಹಾಡು ಆ ಭಾಗಕ್ಕೆ ಬಂತು. ಗಿಟಾರು ಓಡಿತು, ಡ್ರಮ್ಮು ಅಟ್ಟಿಸಿಕೊಂಡು ಬಂತು. ಇನ್ನೇನು ದಾಟಿತು ಎನ್ನುವಾಗ ಡ್ರಮ್ಮು ತಟ್ಟನೆ ನಿಂತಿತು. ಎರ್ರೆಪ್ಪ ಎರಡೂ ಕೋಲು ಮೇಲೆತ್ತಿ ಹಿಡಿದು ಕೂತಿದ್ದ. ಮತ್ತೆ ಎದ್ದು ಹೋಗುತ್ತಾನೆಂದೇ ನಾನು ಎಣಿಸಿದೆ.

“ಯಾಕಣ್ಣ ಸುಮ್ಮನ ನಿಂತಿ?” ಎಂದ ಅವನು. “ಇಲ್ಲಿ ಹೆಸರು ಬರಬೇಕಲ್ಲ. ಜಾಗ ಬಿಟ್ಟೀನಿ, ಕೂಗು.”

ಕೊಟ್ರಬಸಪ್ಪನವರು ಬೇಕೋ ಬೇಡವೋ ಎಂಬಂತೆ ಮೈಕಿನ ಹತ್ತಿರ ಬಂದರು. ಆಮೇಲೆ, ನಾವು ಯಾವತ್ತೂ ಕೇಳದಷ್ಟು ಉದ್ದಕ್ಕೆ, “ಎರ್ರೆಪ್ಪಾ…” ಎಂದು ಕೂಗಿದರು.

“ಇಲ್ಲೇ ಅದೀನಿ ಬಿಡಣ್ಣ” ಎಂದ ಎರ್ರೆಪ್ಪ. ಕೋಲು ಕೆಳಗಿಳಿಯಿತು.

‘ಕೊನೇ ಗಾಡಿ’ ಅಂದೂ ತಡೆಯಿಲ್ಲದೆ ಮುಗಿಯಲಿಲ್ಲ. ಇವರಿಬ್ಬರೂ ಇರುವ ತನಕ ಮುಗಿಯುವ ಲಕ್ಷಣವೂ ಇಲ್ಲ. ಈಗ ಪ್ರತಿ ಭಾನುವಾರ ತಾಲೀಮು ನಡೆಯುತ್ತಿದೆ, ಮೊದಲಿನಂತೆಯೇ ಜಗಳವೂ ನಡೆಯುತ್ತಿದೆ. ಮಾನ್ಯ ಕೊಟ್ರಬಸಪ್ಪನವರಿಗೆ ಆಯುರಾರೋಗ್ಯ ಧಾರಾಳವಾಗಿ ಒದಗಲಿ. ಕೂಗಬೇಕಾದ ಹೆಸರುಗಳು ಈ ತಾಲ್ಲೂಕುಗಳಲ್ಲಿ ಇನ್ನೂ ಬಹಳ ಇವೆ, ಅವೆಲ್ಲ ಮುಗಿಯುವವರೆಗೂ ಅವರನ್ನು ಬಿಟ್ಟುಕೊಡಲು ನಾವು ತಯಾರಿಲ್ಲ.