ಗುಲ್ಶನ್ ಮಾಳಿಗೆಯ ಶಾವಿಗೆ ಮತ್ತು ಪುರಸಭೆಯ ತೆರಿಗೆ

ಕುಷ್ಟಗಿ ಸೀಮೆಯ ನಮ್ಮ ಪಟ್ಟಣದಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಗುಲ್ಶನ್ ಅವರ ಮನೆಯ ಮುಂದೆ ಪಾಳಿ ಹಚ್ಚುತ್ತಾರೆ. ಮುಂದಿನ ಖೋಲಿಯಲ್ಲಿ ಶಾವಿಗೆ ಯಂತ್ರವಿದೆ. ಪತಿ ಮಕ್ಬುಲಸಾಬ ತೀರಿಕೊಂಡ ಮೇಲೆ ಆ ಮನೆ ನಡೆದದ್ದು ಅದರಿಂದಲೇ. ಹಿಟ್ಟು ತರುವವರು ಗಿರಾಕಿಗಳು. ಗುಲ್ಶನ್ ಪಡೆಯುವುದು ಕೂಲಿ ಮಾತ್ರ. ಹಸಿ ಶಾವಿಗೆಯನ್ನು ಅವರ ಮಾಳಿಗೆಯ ಮೇಲೆಯೇ ಬಿದಿರ ಗಳಗಳಿಗೆ ಇಳಿಬಿಟ್ಟು ಒಣಗಿಸುವುದು ವಾಡಿಕೆ. ಯಾವುದು ಯಾರದೆಂದು ತಿಳಿಯಲು ಪ್ರತಿ ಮನೆಯವರೂ ತಮ್ಮ ಗಳಕ್ಕೆ ಹಳೆಯ ಸೀರೆಯ ಚೂರೊಂದನ್ನು ಕಟ್ಟಿ ಹೋಗುತ್ತಾರೆ. ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದರು. ಪುರಸಭೆ ಯಾರನ್ನೂ ಕೇಳಲಿಲ್ಲ.

ಹೋದ ವರ್ಷ ಕಂದಾಯ ನಿರೀಕ್ಷಕರು ರಸ್ತೆಯಲ್ಲೇ ನಿಂತು ಮಾಳಿಗೆಯ ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಬಾಗಿಲಿಗೆ ಆದೇಶ ಅಂಟಿತು: ಮನೆಯಿಡೀ ಶಾವಿಗೆ ಕಾರ್ಖಾನೆ, ವಾಣಿಜ್ಯ ದರದ ಆಸ್ತಿ ತೆರಿಗೆ ಕಟ್ಟಬೇಕು, ತಪ್ಪಿದರೆ ಯಂತ್ರ ಜಪ್ತಿ. ಅದಕ್ಕೆ ಮೊದಲು ಒಂದು ನೋಟಿಸಿಲ್ಲ, ವಿಚಾರಣೆಯಿಲ್ಲ.

ಗುಲ್ಶನ್ ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ.

“ಮಾಳಿಗಿ ತುಂಬ ಮಾಲ್ ಹಾಕಿ, ಮನಿಗೆ ತಿನ್ನಾಕ ಅಂತೀರೇನು?” ಎಂದರು ನಿರೀಕ್ಷಕರು.

“ನಮ್ಮ ಮಾಲ್ ಅಲ್ರಿ ಸಾಹೇಬ್ರ, ಊರ ಮಂದಿದು. ಹಸರು ಚೂರು ಕಟ್ಟಿದ ಗಳ ನಿಮ್ಮ ಮನಿಯವ್ರದ ಐತಿ. ಒಣಗ್ಯಾವೇನ ಗುಲ್ಶನ್ ಅಂತ ಅಕ್ಕಾರು ನಿನ್ನಿನ ಕೇಳ್ಯಾರ. ಅದಕ್ಕೂ ನಾನ ಟ್ಯಾಕ್ಸ್ ಕಟ್ಟಬೇಕೇನ್ರಿ?”

ಗುಮಾಸ್ತರು ತಲೆ ತಗ್ಗಿಸಿ ನಕ್ಕರು. ನಿರೀಕ್ಷಕರು ನಗಲಿಲ್ಲ. “ಆದೇಶ ಆಗೇತಿ. ಬೇಕಾದ್ರ ಕೋರ್ಟಿಗೆ ಹೋಗ್ರಿ.”

ಆಕೆಯನ್ನು ಸಾಗಹಾಕಲು ಆಡಿದ ಮಾತದು. ಕೂಲಿಗೆ ಯಂತ್ರ ನಡೆಸುವ ಹೆಂಗಸು ಧಾರವಾಡದ ಹೈಕೋರ್ಟ್ ಪೀಠದ ಮೆಟ್ಟಿಲು ಹತ್ತಿಯಾಳೆಂದು ಅವರು ಎಣಿಸಿರಲಿಲ್ಲ. ಗುಲ್ಶನ್ ಹತ್ತಿದರು. ಅವರ ವಕೀಲ ಶರಣಕುಮಾರರದು ಒಂದೇ ವಾದ: ಆದೇಶಕ್ಕೆ ಮೊದಲು ಆಕೆಯ ಮಾತು ಕೇಳಿಲ್ಲ. ಕೇಳಿದ್ದೀರಾ ಎಂದು ನ್ಯಾಯಮೂರ್ತಿಗಳು ಪುರಸಭೆಯ ವಕೀಲರನ್ನು ವಿಚಾರಿಸಿದರು. ಅವರು ಕಡತ ತಿರುವಿ, ಇಲ್ಲ ಎಂದರು. ಆದೇಶ ರದ್ದಾಯಿತು. ಆಕೆಯ ಅಹವಾಲು ಕೇಳಿ, ಸ್ಥಳ ನೋಡಿ, ಹೊಸದಾಗಿ ತೀರ್ಮಾನಿಸಬೇಕೆಂದು ನ್ಯಾಯಾಲಯ ಹೇಳಿತು.

ಅಷ್ಟರಲ್ಲಿ ಮಳೆಗಾಲ. ಅದೇ ನಿರೀಕ್ಷಕರು ಮಾಳಿಗೆ ಹತ್ತಿ ಬಂದಾಗ ಅಲ್ಲಿ ಬರಿ ಗಳಗಳಿದ್ದವು. ಗುಲ್ಶನ್ ಹೇಳಿದ್ದಿಷ್ಟೇ: “ಮಶೀನ್ ಇರೋ ಖೋಲಿ ಅಂಗಡಿ ಲೆಕ್ಕದಾಗ ಹಿಡೀರಿ, ನಾ ಬ್ಯಾಡ ಅನ್ನಂಗಿಲ್ಲ. ನಾವು ಮಲಗೋ ಖೋಲಿ, ಮಾಳಿಗಿ ಬಿಡ್ರಿ.”

ಹಾಗೆಯೇ ತೀರ್ಮಾನವಾಯಿತು. ಯಂತ್ರ ಉಳಿಯಿತು.

ಇದನ್ನು ನ್ಯಾಯದ ಗೆಲುವೆಂದು ಹೊಗಳುವವರಿದ್ದಾರೆ. ನನಗೆ ಸಮಾಧಾನವಿಲ್ಲ. ಪುರಸಭೆ ಆಕೆಯ ಮನೆಯಿಂದ ಕೂಗಳತೆಯಲ್ಲಿದೆ. ಈ ಎರಡು ಮಾತು ಕೇಳಿಸಿಕೊಳ್ಳಲು ಅದಕ್ಕೆ ಹೈಕೋರ್ಟಿನ ಅಪ್ಪಣೆ ಬೇಕಾಯಿತು. ಕೇಳದೆ ಆದೇಶ ಬರೆದವರ ಮೇಲೆ ಯಾವ ಕ್ರಮವೂ ಆಗಿಲ್ಲ. ಕಚೇರಿಯಲ್ಲಿ ವಿಚಾರಿಸಿಯೇ ಇದನ್ನು ಬರೆಯುತ್ತಿದ್ದೇನೆ.