ಯೋಗರಾಜ ಅಳಿಸಿದ ಮಾತುಗಳು

ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೆ ‘ಹೋಲ್ಡಾನ್’ ಅನ್ನಲು ಬಾಯಿ ಬಾರದೆ, ಬೇರೆ ಯಾರೋ ಇಳಿಯುವ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ಜನ ಇರುತ್ತಾರಲ್ಲ, ಯೋಗರಾಜ ಆ ಪಂಗಡದವನು. ಊರು ತೀರ್ಥಹಳ್ಳಿಯ ಕಡೆ. ಹೊಳೆಯ ದಡದಲ್ಲೇ ಬೆಳೆದರೂ ಈಜು ಕಲಿಯಲಿಲ್ಲ. ಡಿಪ್ಲೊಮಾದ ಕೊನೆಯ ಪರೀಕ್ಷೆಯಲ್ಲಿ ಮೇಷ್ಟ್ರು ‘ಹೆಸರೇನಪ್ಪಾ’ ಅಂದದ್ದಕ್ಕೆ ಗಾಬರಿಯಲ್ಲಿ ರಿಜಿಸ್ಟರ್ ನಂಬರು ಹೇಳಿ, ಅದರಲ್ಲೂ ಕೊನೆಯ ಎರಡು ಅಂಕಿ ತಪ್ಪು ಹೇಳಿದವನು. ಈಗ ವಯಸ್ಸು ಇಪ್ಪತ್ತೇಳು. ಸಾಗರದ ಬಸ್‌ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾಗೇಂದ್ರನ ಕಂಪ್ಯೂಟರ್ ಅಂಗಡಿ. ಅಲ್ಲಿ ನಾಲ್ಕು ವರ್ಷದಿಂದ ರಿಪೇರಿ ಕೆಲಸ.

ಕಂಪ್ಯೂಟರಿನ ಎದುರು ಕೂತಾಗ ಮಾತ್ರ ಅವನಷ್ಟು ಧೈರ್ಯಸ್ಥ ತಾಲ್ಲೂಕಿನಲ್ಲೇ ಇಲ್ಲ. ಕಂಪ್ಯೂಟರು ಬೈಯುವುದಿಲ್ಲ, ಯಾರ ಮಗ ಅಂತ ಕೇಳುವುದಿಲ್ಲ. ಅದರಲ್ಲೂ ಅವನಿಗೆ ಅಚ್ಚುಮೆಚ್ಚಿನದು ಫ್ಯಾಕ್ಟರಿ ರೀಸೆಟ್. ಎಂಥ ಗಲೀಜು ಯಂತ್ರವೇ ಇರಲಿ, ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ತಂದು ನಿಲ್ಲಿಸಬಹುದು. ತನಗೂ ಇಂಥದ್ದೊಂದು ಬಟನ್ನು ಇದ್ದಿದ್ದರೆ ಎಂದು ಅವನು ಯೋಚಿಸಿದ್ದುಂಟು. ಒತ್ತಿದರೂ ಪ್ರಯೋಜನವಿರಲಿಲ್ಲ ಅನ್ನುವುದೂ ಹೊಳೆದಿತ್ತು. ಈ ಹೆದರಿಕೆ ಆಮೇಲೆ ಸೇರಿಕೊಂಡ ವೈರಸ್ಸಲ್ಲ, ಕಂಪನಿಯವರೇ ಹಾಕಿಕೊಟ್ಟದ್ದು.

ಅಂಗಡಿಯಲ್ಲೊಂದು ನಿಯಮವಿತ್ತು. ರೀಸೆಟ್ ಒತ್ತುವ ಮೊದಲು ಗಿರಾಕಿಗೆ ವಾಟ್ಸಪ್ಪಿನಲ್ಲಿ ಬರೆದು ಕೇಳಬೇಕು: ನಿಮ್ಮ ಫೈಲುಗಳ ಬ್ಯಾಕಪ್ ಉಂಟೋ ಇಲ್ಲವೋ. ಇಲ್ಲ ಅಂದರೆ ಅಂಗಡಿಯವರೇ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು ಆಮೇಲೆ ಒತ್ತಬೇಕು. ಬಾಯಿಮಾತು ನಂಬುವಂತಿಲ್ಲ, ಬರಹದಲ್ಲೇ ಇರಬೇಕು. ಈ ನಿಯಮ ಯೋಗರಾಜನಿಗೆ ದೇವರು ಕೊಟ್ಟ ವರ. ಫೋನು ಮಾಡಿ ಅಪರಿಚಿತರ ಹತ್ತಿರ ಮಾತಾಡುವುದು ತಪ್ಪಿತಲ್ಲ.

ಸೋಮವಾರ ಹೇರಂಬ ಹೆಗಡೆಯವರು ಒಂದು ಹಳೇ ಲ್ಯಾಪ್‌ಟಾಪ್ ತಂದರು. ವರದಹಳ್ಳಿ ರಸ್ತೆಯಲ್ಲಿ ಅವರ ಮನೆ. “ಆನ್ ಮಾಡಿ ಸ್ನಾನಕ್ಕೆ ಹೋಗಿ ಬರಬಹುದು ಮಾರಾಯ, ಅಷ್ಟು ನಿಧಾನ. ಹೊಸದರ ಹಾಂಗೆ ಮಾಡಿಕೊಡು. ಅದು ನನ್ನ ಹೆಂಡತೀದು, ಎಂತ ಕೇಳೋದಿದ್ರೂ ಅವಳನ್ನೇ ಕೇಳು, ನಂಗೆ ಗೊತ್ತಾಗ್ತಿಲ್ಲೆ” ಎಂದು ವಾಗ್ದೇವಿ ಎಂಬ ಹೆಸರು, ನಂಬರು ಬರೆಸಿ ಹೋದರು.

ಯೋಗರಾಜ ಬರೆದ: ‘ಮೇಡಂ, ಬ್ಯಾಕಪ್ ಎಲ್ಲಿದೆ?’

ಉತ್ತರ ಒಂದೇ ಪದ: ‘ಇಲ್ಲೆ.’

ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ರೀಸೆಟ್ ಒತ್ತಿದ. ಡಿಸ್ಕನ್ನು ಪೂರ್ತಿ ಒರೆಸುವ ದಾರಿಯೊಂದು, ಬೇಗ ಮುಗಿಯುವ ದಾರಿಯೊಂದು; ಊಟದ ಹೊತ್ತಾಗಿದ್ದರಿಂದ ಬೇಗದ್ದನ್ನೇ ಆರಿಸಿದ. ತಿಂಗಳ ಸಂಬಳದ ಜನರಿಗೆ ಕರ್ತವ್ಯಪ್ರಜ್ಞೆ ಊಟದ ನಂತರವೇ ಬರುವುದು.

ಬುಧವಾರ ಬೆಳಿಗ್ಗೆ ಅದೇ ನಂಬರಿನಿಂದ ಉದ್ದನೆಯ ಮೆಸೇಜು ಬಂತು. ‘ತಮಾ, ಅದರಲ್ಲಿ “ಮಾತು” ಹೇಳಿ ಹೆಸರಿನ ಒಂದು ಫೋಲ್ಡರ್ ಇದ್ದು. ಜಾಗ್ರತೆ. ಶುಕ್ರವಾರ ಮಂಗಳೂರಲ್ಲಿ ಗಂಟಲು ಆಪರೇಷನ್. ಧ್ವನಿಪೆಟ್ಟಿಗೆ ತೆಗೀತ. ಆಮೇಲೆ ಎನಗೆ ಅದೇ ಬಾಯಿ. ಮಧ್ಯಾಹ್ನ ಬತ್ತೆ.’

ಯೋಗರಾಜ ಎರಡು ಸಲ ಓದಿದ. ಬ್ಯಾಕಪ್ ಅವರ ಹತ್ತಿರವೇ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಮನಸ್ಸು ತಡೆಯದೆ ಫೋನನ್ನು ಕೌಂಟರಿನಲ್ಲಿದ್ದ ಸ್ವಪ್ನಾಳ ಮುಂದೆ ಹಿಡಿದ. ಸ್ವಪ್ನಾ ಸಾಗರದಲ್ಲೇ ಹುಟ್ಟಿ ಬೆಳೆದವಳು. ಅವಳು ಮೆಸೇಜುಗಳನ್ನು ಮೇಲಕ್ಕೆ ಸರಿಸಿದಳು.

“ಬ್ಯಾಕಪ್ ಇಲ್ಲ ಅಂದಿದಾರಲ್ಲ ಮಾರಾಯ. ನೀ ತೆಗ್ದು ಇಟ್ಕಂಡ್ಯಾ?”

“ಎಲ್ಲಿ ಅಂದಿದಾರೆ? ಇಲ್ಲೇ ಅಂದಿದಾರೆ. ಇಲ್ಲೇ, ಮನೇಲಿ.”

“ಇಲ್ಲೇ ಅಲ್ಲ ಕಣೋ. ಇಲ್ಲೆ. ಅವರ ಮನೆ ಮಾತಲ್ಲಿ ಇಲ್ಲೆ ಅಂದ್ರೆ ಇಲ್ಲ. ನಾಲ್ಕು ವರ್ಷ ಸಾಗರದ ನೀರು ಕುಡ್ದು ಇಷ್ಟೂ ಗೊತ್ತಿಲ್ವಾ ನಿಂಗೆ?”

ಗೊತ್ತಿತ್ತು. ಸೋಮವಾರ ಹೆಗಡೆಯವರು ಕೌಂಟರಿನಲ್ಲಿ ನಿಂತು ‘ಗೊತ್ತಾಗ್ತಿಲ್ಲೆ’ ಅಂದಾಗ ಅವನು ಸರಿಯಾಗಿಯೇ ತಲೆಯಾಡಿಸಿದ್ದ. ಅವನ ಕಿವಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಬರೆಯುವಾಗ ದೀರ್ಘ ಯಾರು ಹಾಕುತ್ತಾರೆ? ಅಲ್ಲದೆ ಅವನು ‘ಇದೆಯಾ’ ಎಂದು ಕೇಳಿರಲಿಲ್ಲ, ‘ಎಲ್ಲಿದೆ’ ಎಂದು ಕೇಳಿದ್ದ. ಎಲ್ಲಿದೆ ಅಂದರೆ ಇಲ್ಲೇ. ಆ ಹೆಂಗಸು ‘ಇಲ್ಲ’ ಅಂದದ್ದಕ್ಕೆ ಇವನು ಹೆಬ್ಬೆರಳು ಎತ್ತಿ ತೋರಿಸಿದ್ದಾನೆ. ಹುಡುಗ ಜವಾಬ್ದಾರಿ ವಹಿಸಿಕೊಂಡ ಎಂದು ಅವರು ನಿಶ್ಚಿಂತೆಯಿಂದ ಕೂತಿದ್ದಾರೆ.

ಅವನು ಸ್ಟೂಲಿನ ಮೇಲೆ ಕೂತ. ಆಮೇಲೆ ಎದ್ದ. ಬಚ್ಚಲಿಗೆ ಹೋಗಿ ಬಂದ. ತೀರ್ಥಹಳ್ಳಿಗೆ ಹನ್ನೊಂದೂ ಇಪ್ಪತ್ತಕ್ಕೆ ಒಂದು ಬಸ್ಸಿದೆ ಎಂಬುದು ಕಾರಣವಿಲ್ಲದೆ ನೆನಪಾಯಿತು. ಬ್ಯಾಗು ಮೊಳೆಯಿಂದ ತೆಗೆದು ಹೆಗಲಿಗೂ ಹಾಕಿಕೊಂಡ. ಊರಿಗೆ ಹೋದರೆ ಅವ್ವ ಪುಷ್ಪಮ್ಮ ಎಂತಕ್ಕೆ ಬಂದೆ ಎಂದು ಕೇಳುತ್ತಾಳೆ. ಅದಕ್ಕೂ ಹೆದರಿ ಬ್ಯಾಗನ್ನು ಮತ್ತೆ ಮೊಳೆಗೆ ಸಿಕ್ಕಿಸಿದ.

ನಾಗೇಂದ್ರ ಎಲ್ಲ ಕೇಳಿ, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಹಾರ್ಡ್ ಡಿಸ್ಕ್ ಮೊದ್ಲೇ ಹೋಗಿತ್ತು ಅನ್ನು” ಎಂದ. “ತರುವಾಗಲೇ ಹೋಗಿತ್ತು ಅನ್ನು. ಇಡೀ ಸಾಗರ ಹಂಗೇ ಹೇಳೋದು, ಯಾರೂ ಏನೂ ಕೇಳಲ್ಲ.”

“ಅವರ ಗಂಟಲು ಅಣ್ಣಾ.”

“ಗಂಟಲು ನಾವು ಕುಯ್ತಾ ಇದ್ದೀವೇನೋ? ಸುಮ್ನೆ ನಾ ಹೇಳಿದ್ದು ಹೇಳು.”

ಯೋಗರಾಜ ಲ್ಯಾಪ್‌ಟಾಪನ್ನು ತೆರೆದು ನೋಡಿದ. ನೀಲಿ ಪರದೆ, ಒಂದೂ ಗೀರಿಲ್ಲ, ಹೊಸದರ ಹಾಂಗೆ. ಇಷ್ಟು ಸ್ವಚ್ಛವಾದ ವಸ್ತುವನ್ನು ನೋಡಿ ಅವನಿಗೆ ಇಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಎರಡು ಗಂಟೆಗೆ ವಾಗ್ದೇವಿಯವರು ಬಂದರು, ಹಿಂದೆ ಹೆಗಡೆಯವರು. ಅರವತ್ತರ ಹೆಂಗಸು, ಕುತ್ತಿಗೆಗೆ ತೆಳುವಾದ ಹತ್ತಿ ಶಾಲು. ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಮಗ್ಗಿ ಹೇಳಿಸಿದ ಗಂಟಲು ಎಂದು ಹೆಗಡೆಯವರೇ ಹೇಳಿದರು. ಡಾಕ್ಟರು ಸುಮ್ಮನೆ ಮಾತಾಡಬೇಡಿ, ಇರುವ ಮಾತನ್ನು ಉಳಿಸಿಟ್ಟುಕೊಳ್ಳಿ ಎಂದಿದ್ದಾರಂತೆ. ಅದಕ್ಕೇ ಆಕೆ ಎರಡು ತಿಂಗಳ ಹಿಂದೆ, ಧ್ವನಿ ಇನ್ನೂ ಚೆನ್ನಾಗಿದ್ದಾಗಲೇ, ದಿನಾ ಬೇಕಾಗುವ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿ ರೆಕಾರ್ಡ್ ಮಾಡಿಟ್ಟಿದ್ದರು. ಇನ್ನೂರ ಹನ್ನೆರಡು ಮಾತು. ಹೋಯ್, ಕೇಳ್ತಾ. ಉಪ್ಪು ಸಾಲ್ತಿಲ್ಲೆ. ಗ್ಯಾಸ್ ಆಫ್ ಮಾಡಿದ್ದು ಹೌದಾ. ಮುಂದೆ ಬಟನ್ ಒತ್ತಿ ಆಡುವ ಮಾತುಗಳು.

“ಆತಾ ತಮಾ?” ಎಂದರು. ಧ್ವನಿ ಗರಗಸದಿಂದ ಬಂದ ಹಾಗಿತ್ತು. ಅಷ್ಟು ಹೇಳಿ ಎಂಜಲು ನುಂಗುವಾಗ ಕಣ್ಣು ಮುಚ್ಚಿಕೊಂಡರು.

ನಾಗೇಂದ್ರ ಮುಂದೆ ಬಂದ. “ಅದು ಎಂತಾಯ್ತು ಅಂದ್ರೆ ಅಮ್ಮಾ, ಹಾರ್ಡ್ ಡಿಸ್ಕು—”

ವಾಗ್ದೇವಿಯವರು ಕೇಳುವುದಕ್ಕೆ ಬಾಯಿ ತೆರೆದರು. ಯೋಗರಾಜನಿಗೆ ಥಟ್ಟನೆ ಹೊಳೆಯಿತು: ಈಗ ಸುಳ್ಳು ಹೇಳಿದರೆ ಇವರು ಪ್ರಶ್ನೆ ಕೇಳುತ್ತಾರೆ. ಹೇಗೆ ಹೋಯಿತು, ಯಾವಾಗ, ಸರಿಯಾಗುವುದಿಲ್ಲವೇ ಎಂದು. ಉಳಿದಿರುವುದು ಎರಡೇ ದಿನದ ಮಾತು. ಅದರಲ್ಲಿ ಹತ್ತೋ ಇಪ್ಪತ್ತೋ ಪದ ನಮ್ಮ ಸುಳ್ಳಿಗೆ ಖರ್ಚಾಗುತ್ತದೆ.

“ನಾನೇ ಅಳಿಸಿದ್ದು” ಎಂದ. ತನ್ನ ಬಾಯಿಂದಲೇ ಬಂತೋ ಎಂದು ಅವನಿಗೇ ಅನುಮಾನ. “ಇಲ್ಲೆ ಅಂದಿದ್ರಲ್ಲ, ನಾನು ಇಲ್ಲೇ ಅಂತ ಓದ್ಕಂಡೆ. ಎಲ್ಲ ಅಳಿಸಿಬಿಟ್ಟೆ.”

ಹೆಗಡೆಯವರ ಮುಖ ಕೆಂಪಾಗಿ, “ನೀ ಎಂತ ಮಾಡಿದ್ದು ಗೊತ್ತಿದ್ದಾ ನಿಂಗೆ? ಓದು ಬರಹ ಬತ್ತಿಲ್ಯನೋ?” ಎಂದು ಒಂದು ಹೆಜ್ಜೆ ಮುಂದಿಟ್ಟರು. ವಾಗ್ದೇವಿಯವರು ಗಂಡನ ತೋಳು ಹಿಡಿದರು. ಶಾಲಿನ ಅಂಚು ಹಿಡಿದುಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ಯೋಗರಾಜನಿಗೆ ಅವರು ಬೈಯಲಿ, ಹೊಡೆಯಲಿ, ಏನಾದರೂ ಆಗಲಿ ಅನ್ನಿಸಿತು.

“ಎಂತ ಮಾಡೂಲಾಗ್ತಿಲ್ಯಾ?” ಕೊನೆಗೆ ಅವರು ಕೇಳಿದರು.

ಆಗುತ್ತಿತ್ತು, ಸ್ವಲ್ಪ. ಪೂರ್ತಿ ಒರೆಸುವ ದಾರಿ ಹಿಡಿದಿದ್ದರೆ ಮುಗಿದೇ ಹೋಗಿತ್ತು. ಬೇಗದ ರೀಸೆಟ್ಟು ಪುಸ್ತಕದ ಪರಿವಿಡಿ ಹರಿದುಹಾಕಿದ ಹಾಗೆ. ಮೇಲೆ ಹೊಸದೇನಾದರೂ ಬರೆಯುವ ತನಕ ಒಳಗಿನ ಹಾಳೆಗಳು ಇದ್ದಲ್ಲೇ ಇರುತ್ತವೆ. ಅವನ ಸೋಮಾರಿತನ ಇಷ್ಟು ಉಪಕಾರ ಮಾಡಿತ್ತು. ಅವನ ಉತ್ಸಾಹ ಅಪಕಾರ ಮಾಡಿತ್ತು. ಮಂಗಳವಾರವಿಡೀ ಅದರ ಮೇಲೆ ಬೇಕಾದ್ದು ಬೇಡದ್ದು ಹತ್ತಾರು ಪ್ರೋಗ್ರಾಮು ತುಂಬಿಸಿದ್ದ.

ಡಿಸ್ಕನ್ನು ಬಿಚ್ಚಿ ಅಂಗಡಿಯ ದೊಡ್ಡ ಯಂತ್ರಕ್ಕೆ ಹಾಕಿದ. ಹಳೇ ಫೈಲುಗಳನ್ನು ಹುಡುಕುವ ಪ್ರೋಗ್ರಾಮು ಓಡತೊಡಗಿತು. ಒಂದು ಪರ್ಸೆಂಟು. ಎರಡು ಪರ್ಸೆಂಟು. ವಾಗ್ದೇವಿಯವರು ಕುರ್ಚಿಯನ್ನು ಅವನ ಪಕ್ಕಕ್ಕೇ ಎಳೆದುಕೊಂಡು ಕೂತರು. ಅವರ ಉಸಿರಿನ ಸಿಳ್ಳೆ ಅವನ ಬಲಗಿವಿಗೆ ಬೀಳುತ್ತಿತ್ತು. ನಾಲ್ಕಾಯಿತು, ಐದಾಯಿತು. ಸ್ವಪ್ನಾ ಚಾ ತಂದಿಟ್ಟಳು. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ, ಚಾ ಆರಿತು.

ಐದೂವರೆಗೆ ಪಟ್ಟಿ ಬಂತು. ಯಾವುದಕ್ಕೂ ಹೆಸರಿರಲಿಲ್ಲ, ಬರೀ ನಂಬರು. ಮೊದಲನೆಯದನ್ನು ಒತ್ತಿದ. ಕರಕರ ಸದ್ದು, ಮಾತಿಲ್ಲ. ಎರಡನೆಯದೂ ಅದೇ. ಮೂರನೆಯದು ತೆರೆಯಲೇ ಇಲ್ಲ. ನಾಲ್ಕನೆಯದರಲ್ಲಿ ತುಂಬು ಧ್ವನಿಯ ಹೆಂಗಸೊಬ್ಬಳು “ಬಾಗ್ಲು ತೆಗೀರಿ, ಯಾರೋ ಬಂದ” ಎಂದಳು. ಹೆಗಡೆಯವರು ಅಭ್ಯಾಸಬಲದಿಂದ ಅಂಗಡಿಯ ಬಾಗಿಲ ಕಡೆ ತಿರುಗಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಸಿಕ್ಕಿದ್ದು ತೊಂಬತ್ತೇಳು. ಹೋದದ್ದು ನೂರ ಹದಿನೈದು.

“ನಾಳೆ ಒಂದು ದಿನ ಇದ್ದು” ಎಂದರು ವಾಗ್ದೇವಿ. “ಹೋದ್ದನ್ನ ಮತ್ತೆ ಹೇಳ್ತೆ. ದನಿ ಹಿಂಗೇ ಬತ್ತು. ಬರಲಿ.”

“ಅಮ್ಮಾ, ಡಾಕ್ಟ್ರು ಮಾತಾಡ್ಬೇಡಿ ಅಂದಿದಾರಲ್ಲ.”

“ಉಳಿಸಿ ಯಾರಿಗೆ ಕೊಡಕಾಗಿತ್ತು?”

ಗುರುವಾರ ಬೆಳಿಗ್ಗೆ ಹತ್ತಕ್ಕೇ ಅವರು ಬಂದರು, ಹೋದ ಮಾತುಗಳನ್ನು ನೆನಪು ಮಾಡಿಕೊಂಡು ಬರೆದ ಪಟ್ಟಿ ಹಿಡಿದು. ಬಸ್ಸಿನ ಹಾರನ್ನು ಕೇಳದಿರಲೆಂದು ಅಂಗಡಿಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಕೂತರು. ಒಂದು ಮಾತು, ಒಂದು ಗುಟುಕು ಬಿಸಿನೀರು, ಮತ್ತೊಂದು ಮಾತು. ಯೋಗರಾಜ ಪ್ರತಿ ಮಾತನ್ನೂ ಮೂರು ಕಡೆ ಉಳಿಸುತ್ತಿದ್ದ. ಉಳಿಯಿತೋ ಎಂದು ಪ್ರತಿ ಸಲ ತೆರೆದು ನೋಡುತ್ತಿದ್ದ. ಹನ್ನೆರಡರ ಹೊತ್ತಿಗೆ ಅವರ ದನಿ ಅರ್ಧಕ್ಕರ್ಧ ಇಳಿಯಿತು. ಪಟ್ಟಿಯಲ್ಲಿ ಇನ್ನೂ ನಲವತ್ತು ಬಾಕಿ. ಇವರ ಗಂಟಲು ನಾಳೆಯ ಕತ್ತರಿಗಿಂತ ಮುಂಚೆ ನನ್ನ ಮೈಕಿನೆದುರೇ ನಿಂತುಹೋದರೆ ಎಂಬ ಯೋಚನೆ ಬಂದದ್ದೇ ತಡ, ಅವನಿಗೆ ಬಿಕ್ಕಳಿಕೆ ಹತ್ತಿತು.

ಅದುಮಿದ. ಉಸಿರು ಕಟ್ಟಿದ. ವಾಗ್ದೇವಿಯವರು ಮೈಕಿಗೆ ಬಾಗಿ, ಬಹಳ ಕಷ್ಟಪಟ್ಟು, “ಎನ್ನ ಸ್ವಲ್ಪ ಹೊತ್ತು ಒಬ್ಬಳನ್ನೇ ಬಿಡಿ” ಎಂದು ಮುಗಿಸುವ ಹೊತ್ತಿಗೆ ಸರಿಯಾಗಿ “ಹಿಕ್” ಎಂದ. ಅದೂ ಸಣ್ಣದಲ್ಲ. ಕಪ್ಪೆಯೊಂದು ಮೆಟ್ಟಿಲಿಂದ ಬಿದ್ದ ಹಾಗೆ.

ಅವರು ಅವನ ಮುಖ ನೋಡಿದರು. ಅವನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣು ಬಿಟ್ಟು ಕೂತಿದ್ದ. ಇನ್ನೊಂದು ಬಂತು. ವಾಗ್ದೇವಿಯವರ ಭುಜ ಕುಲುಕಿತು. ಮೊದಲು ಸಿಳ್ಳೆ, ಆಮೇಲೆ ಹರಿದ ತಮಟೆಯಂಥ ನಗು, ಅದು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕಣ್ಣಲ್ಲಿ ನೀರು. ಹೊರಗಿದ್ದ ಹೆಗಡೆಯವರು ಗಾಬರಿಯಾಗಿ ಓಡಿಬಂದು ಬಾಗಿಲಲ್ಲೇ ನಿಂತುಬಿಟ್ಟರು. ಅವರೂ ಆ ನಗುವನ್ನು ಕೇಳಿ ಬಹಳ ದಿನವಾಗಿತ್ತೆಂದು ಕಾಣುತ್ತದೆ.

“ಕ್ಷಮಿಸಿ ಅಮ್ಮಾ, ಕೆಟ್ಟುಹೋಯ್ತು, ಇನ್ನೊಂದ್ಸಲ ತಗಳ್ಳಣ” ಎನ್ನುತ್ತಾ ಯೋಗರಾಜ ಬಿಕ್ಕಳಿಕೆ, ನಗು ಎಲ್ಲ ಸೇರಿಕೊಂಡ ಆ ತುಣುಕಿನ ಮೇಲೆ ಡಿಲೀಟ್ ಒತ್ತಲು ಬೆರಳು ಚಾಚಿದ.

ವಾಗ್ದೇವಿಯವರು ಅವನ ಮುಂಗೈ ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಎಂದರೆ ಅವನ ಬಿಕ್ಕಳಿಕೆಯೇ ನಿಂತಿತು.

“ಅಳಿಸಡ.”

ಯೋಗರಾಜ ಕೈ ಅಲ್ಲಾಡಿಸಲಿಲ್ಲ. “ಬೇಡ ಅಂತಾನಾ ಅಮ್ಮಾ? ಅಳಿಸಬೇಡ ಅಂತಾನಾ?”

ಅವರಿಗೆ ಮತ್ತೆ ಹೇಳಲು ಉಸಿರಿರಲಿಲ್ಲ. ಹೌದು ಎಂದು ಎರಡು ಸಲ ತಲೆಯಾಡಿಸಿದರು. ಹಿಡಿದ ಕೈಯನ್ನು, ಆ ನಗು ಮೂರು ಕಡೆಯೂ ಉಳಿಯುವ ತನಕ ಬಿಡಲಿಲ್ಲ.