ಬದುಕಿದ್ದವಳಿಗೆ ಬಂದ ಬುತ್ತಿ

ದೊಡ್ಡ ರೋಗಗಳು ಹೇಳದೇ ಕೇಳದೇ ಬರುವುದಿಲ್ಲ. ಮೊದಲು ಒಂದು ಸೂಚನೆ ಕೊಟ್ಟೇ ಕೊಡುತ್ತವೆ, ಅಜ್ಞಾನಿಯಾದ ಮನುಷ್ಯನೇ ಅದನ್ನು ಗುರುತಿಸುವುದಿಲ್ಲ. ನಮ್ಮ ಮನೆಗೂ ಸೂಚನೆ ಬಂದಿತ್ತು. ನಾನು ಗುರುತಿಸಲಿಲ್ಲ ಎಂಬುದಷ್ಟೇ ಅಲ್ಲ, ಸಂತೋಷವನ್ನೂ ಪಟ್ಟೆ.

ಆ ದಿನ ನನ್ನ ಹೆಂಡತಿ ಗಂಗವ್ವ, ಎದುರು ಮನೆಯ ಹುಸೇನಬಿ ಕಳಿಸಿದ ಬದನೆಕಾಯಿ ಪಲ್ಯ ತಿಂದು ಏನೂ ಅನ್ನಲಿಲ್ಲ. ಉಪ್ಪು ಹೆಚ್ಚಾಗಿದೆ ಎನ್ನಲಿಲ್ಲ. ಎಣ್ಣೆ ಸುರುವಿದ್ದಾಳೆ ಎನ್ನಲಿಲ್ಲ. ಮದುವೆಯಾದಾಗಿನಿಂದ ಇನ್ನೊಬ್ಬರ ಅಡುಗೆಯನ್ನು ಆಕೆ ಸುಮ್ಮನೆ ತಿಂದದ್ದನ್ನು ನಾನು ನೋಡಿರಲಿಲ್ಲ. ವಯಸ್ಸು ಕೊನೆಗೂ ಮನುಷ್ಯರನ್ನು ಮಾಗಿಸುತ್ತದೆ ಎಂದುಕೊಂಡೆ.

ಸಂಜೆಗೆ ಜ್ವರ ಬಂತು.

ಕೊರೋನಾದ ಎರಡನೇ ಅಲೆಯ ಬೇಸಿಗೆ ಅದು. ನಮ್ಮೂರು ಸಂಶಿಯಲ್ಲಿ ಸಂತೆ ನಿಂತಿತ್ತು, ಬಸ್ಸು ನಿಂತಿತ್ತು. ಊರೊಳಗೆ ಬರುವ ದಾರಿಗೆ ಹುಡುಗರು ಜಾಲಿಮುಳ್ಳು ಎಳೆದು ಕಾವಲು ಕುಳಿತಿದ್ದರು. ವೈರಸ್ಸು ರಸ್ತೆ ಹಿಡಿದೇ ಬರುತ್ತದೆ, ಅದೂ ಬರಿಗಾಲಲ್ಲಿ ಬರುತ್ತದೆ ಎಂದು ಅವರಿಗೆ ಯಾರು ಹೇಳಿದ್ದರೋ. ಸರಕಾರಿ ದವಾಖಾನೆಯಲ್ಲಿ ನಮ್ಮಿಬ್ಬರ ಮೂಗಿಗೂ ಕಡ್ಡಿ ಹಾಕಿದರು. ಇಬ್ಬರಿಗೂ ಪಾಸಿಟಿವ್. ನನಗೆ ನೆಗಡಿಯಾಗಿ ಹೋಯಿತು. ರೋಗಕ್ಕೂ ನನ್ನಲ್ಲಿ ಅಂಥ ಆಸಕ್ತಿ ಹುಟ್ಟಿದಂತೆ ಕಾಣಲಿಲ್ಲ. ಗಂಗವ್ವನನ್ನು ಮಾತ್ರ ಅದು ಬಿಡಲಿಲ್ಲ.

ಆಕ್ಸಿಜನ್ ಸದ್ಯಕ್ಕೆ ಸರಿ ಇದೆ, ಮನೆಯಲ್ಲೇ ಇರಿ ಎಂದರು. ಆಶಾ ಕಾರ್ಯಕರ್ತೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊಟ್ಟು ಹೋದಳು. ಪಂಚಾಯತಿಯವರು ಬಾಗಿಲಿಗೆ ಅಡ್ಡಲಾಗಿ ಬಿದಿರು ಕಟ್ಟಿದರು.

ಗಂಗವ್ವನಿಗೆ ಎದ್ದು ನಿಲ್ಲಲು ಆಗಲಿಲ್ಲ. ಅಡುಗೆಯ ಅಧಿಕಾರ ನನ್ನ ಕೈಗೆ ಬಂತು. ಗಂಜಿ ತಳ ಹತ್ತಿತು. ಇನ್ನೊಮ್ಮೆ ಇಟ್ಟೆ, ಅದೂ ಹತ್ತಿತು. ಆಮೇಲೆ ಮೈಯಲ್ಲಿ ಶಕ್ತಿ ಉಳಿಯದೆ ಒಲೆ ಹೊತ್ತಿಸುವುದನ್ನೇ ಬಿಟ್ಟೆ. ಓಣಿಗೆ ಸುದ್ದಿ ತಿಳಿಯಿತು.

ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಒಂದು ಗಂಟು ಬಂದು ಕುಳಿತಿತ್ತು. ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿ. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರೇ ರೊಟ್ಟಿ, ಝುಣಕ, ಕಾಳಪಲ್ಯ ಮಾಡಿ ಬಿಳಿ ಅರಿವೆಯಲ್ಲಿ ಕಟ್ಟಿ ಬುತ್ತಿ ತಂದು ಕೊಡುತ್ತಾರೆ. ಹೆಚ್ಚು ಮಾತಾಡುವುದಿಲ್ಲ. ಹೋಗುವಾಗ ‘ಬರ್ತೀನಿ’ ಎನ್ನುವುದಿಲ್ಲ. ಅಂಥ ಮನೆಗೆ ಮತ್ತೆ ಬರುತ್ತೇನೆ ಎಂದು ಯಾರು ಮಾತು ಕೊಡುತ್ತಾರೆ? ನಮ್ಮ ಓಣಿಯವರು ಬಾಯಿಗೆ ಟವೆಲ್ ಕಟ್ಟಿಕೊಂಡು ಬಂದರು, ಇಟ್ಟರು, ತಿರುಗಿ ನೋಡದೇ ಹೋದರು. ಅವರದು ತಪ್ಪು ಎನ್ನುವಂತಿರಲಿಲ್ಲ. ದೂರ ಇರಿ, ಮುಟ್ಟಬೇಡಿ, ಹೆಚ್ಚು ಹೊತ್ತು ನಿಲ್ಲಬೇಡಿ ಎಂದು ಸರಕಾರ ಮೊಬೈಲಿನಲ್ಲಿ ದಿನವೂ ಹೇಳುತ್ತಿತ್ತು, ಮತ್ತು ಅದನ್ನೆಲ್ಲ ಪಾಲಿಸಿಕೊಂಡು ಒಂದು ಮನೆಗೆ ಅನ್ನ ಹಾಕುವ ರೀತಿ ನಮ್ಮವರಿಗೆ ಗೊತ್ತಿದ್ದದ್ದು ಇದೊಂದೇ.

ಕಿಟಕಿಯ ಪಕ್ಕದ ಮಂಚದಿಂದ ಗಂಗವ್ವ ನೋಡುತ್ತಿದ್ದಳು.

“ಏನ್ರೀ, ಯಾರ್ ಹೋದ್ರು?”

“ಯಾರೂ ಹೋಗಿಲ್ಲ.”

“ಮತ್ತ ಬುತ್ತಿ ಯಾಕ ಬಂತು?”

ನಾನು ಕಿಟಕಿ ಮುಚ್ಚಲು ಹೋದೆ.

“ಹಂಗಾರ ನಂದ. ನಾ ಇನ್ನೂ ಉಸರ ಬಿಡಾಕತ್ತೇನಿ, ಇವ್ರಿಗೆ ಅಷ್ಟೂ ತಡ್ಕೊಳ್ಳಾಕ ಆಗವಲ್ದು.”

ಗೋಡೆಯ ಕಡೆ ಹೊರಳಿದಳು.

ಊಟ ಬಿಟ್ಟಳು.

ಅಂದೂ ತಿನ್ನಲಿಲ್ಲ, ಮರುದಿನವೂ ತಿನ್ನಲಿಲ್ಲ. ಫೋನಿನಲ್ಲಿ ಡಾಕ್ಟರ್, “ಊಟ ಬಿಟ್ಟರೆ ಕಷ್ಟ ಆಗುತ್ತೆ. ಪ್ರೋಟೀನ್ ಕೊಡಿ” ಎಂದರು. ನಾನು ಹೋಗಿ ಪ್ರೋಟೀನಿನ ಮಹತ್ವವನ್ನು ವಿವರಿಸಿದೆ. “ಅದನ್ನೂ ಬಿಳಿ ಅರಿವ್ಯಾಗ ಕಟ್ಟಿ ತಂದಾರೇನು?” ಎಂದಳು. ಆಕ್ಸಿಮೀಟರಿನ ಅಂಕಿ ಇಳಿಯುತ್ತಿತ್ತು. ಹಗಲೆಲ್ಲ ಅದನ್ನು ಆಕೆಯ ಬೆರಳಿಗೆ ಸಿಕ್ಕಿಸುವುದು, ತೆಗೆಯುವುದು, ಯಂತ್ರ ಕೆಟ್ಟಿರಬಹುದೆಂಬ ಆಸೆಯಿಂದ ನನ್ನ ಬೆರಳಿಗೆ ಸಿಕ್ಕಿಸಿಕೊಳ್ಳುವುದು. ಕೆಟ್ಟಿರಲಿಲ್ಲ.

ಮೂರನೆಯ ದಿನ ಬಾಜು ಮನೆಯ ಬಸಣ್ಣ ಗಂಟು ಇಡಲು ಬಗ್ಗಿದಾಗ ನಾನು ಬಿದಿರಿನ ಮೇಲೆ ಬಗ್ಗಿ ಕೂಗಿದೆ.

“ಏ ಬಸಣ್ಣ, ಆಕಿ ಜೀವಂತ ಅದಾಳೋ!”

“ಗೊತ್ತೈತ್ರಿ ಕಾಕಾ. ನೂರು ವರ್ಷ ಇರ್ಲಿ.”

“ಮತ್ತ ಹಿಂಗ್ಯಾಕ ತಂದು ಇಡ್ತೀರಿ? ಇದನ್ನ ನೋಡಿ ಊಟ ಬಿಟ್ಟಾಳ ಆಕಿ.”

ಬಸಣ್ಣ ಗಂಟನ್ನು ಕೈಯಲ್ಲಿ ಹಿಡಿದು ನಿಂತ. ಇಡಲೋ ಒಯ್ಯಲೋ ತಿಳಿಯಲಿಲ್ಲ. “ಹೆಂಗ ಇಡಬೇಕ್ರಿ ಕಾಕಾ? ಒಳಗ ಕಾಲಿಡಂಗಿಲ್ಲ, ಕೈಯಾಗ ಕೊಡಂಗಿಲ್ಲ. ನೀವ ಹೇಳ್ರಿ, ಹಂಗ ಇಡ್ತೇವಿ.”

ಇಡೀ ಓಣಿ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನಮ್ಮ ಬಾಗಿಲು ನೋಡುತ್ತಿತ್ತು. ಎಲ್ಲರ ಮನೆಯಲ್ಲೂ ಹಿಟ್ಟಿತ್ತು, ರೊಟ್ಟಿ ಬಡಿಯುವ ಕೈ ಇತ್ತು. ನನ್ನ ಹೆಂಡತಿ ಹಸಿದು ಮಲಗಿದ್ದಳು.

ಈ ಮಾತು ಹುಸೇನಬಿಯ ಕಿವಿಗೆ ಬಿದ್ದಿರಬೇಕು. ಸಂಜೆ ಆಕೆ ಬಂದಳು. ಕೈಯಲ್ಲಿ ದೊಡ್ಡ ತಾಟು, ಅದರ ಮೇಲೆ ಹಸಿರು ಕುಬಸದ ಖಣ ಮುಚ್ಚಿತ್ತು. ಬಿದಿರಿನ ಆಚೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು:

“ಗಂಗಕ್ಕಾ, ಬಯಕಿ ಬುತ್ತಿ ತಂದೇನಿ!”

ಬಯಕೆ ಬುತ್ತಿ, ಹಸಿರು ಖಣ ಬರುವುದು ಬಸುರಿಗೆ. ಗಂಗವ್ವನಿಗೆ ಅರವತ್ತು ದಾಟಿದೆ.

ಒಳಗಿನಿಂದ ಸಣ್ಣ ದನಿ ಬಂತು. “ಎಷ್ಟನೇ ತಿಂಗಳಂತ ಕೇಳ್ರಿ ಆಕಿಗೆ.”

“ನನ್ನೇನ್ ಕೇಳ್ತಿಬೇ? ಹೊಟ್ಟಿ ನಿಂದು, ಲೆಕ್ಕ ನೀ ಹೇಳು!”

ಗಂಗವ್ವ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ನಾನು ಬೆನ್ನು ತಿಕ್ಕಿದೆ, ಬೋರಲು ಮಲಗಿಸಿದೆ. ಅಂಕಿ ತೊಂಬತ್ತರ ಕೆಳಗೆ ಹೋಯಿತು. ಆಕೆ ಇನ್ನೂ ನಗುತ್ತಿದ್ದಾಳೆಂದು ತಿಳಿದು ಹೊರಗೆ ಹುಸೇನಬಿಯೂ ನಗುತ್ತಿದ್ದಳು. ಆಮೇಲೆ ಆಕೆಗೆ ತಿಳಿಯಿತು. ಬಿದಿರು ಹಿಡಿದುಕೊಂಡು ನಿಂತಳು. ಒಳಗೆ ಬರುವಂತಿರಲಿಲ್ಲ. ಹೋಗು ಎಂದು ನಾನೂ ಹೇಳಲಿಲ್ಲ.

ಕೆಮ್ಮು ಇಳಿದ ಮೇಲೆ ಗಂಗವ್ವ ಅರ್ಧ ಸಜ್ಜಿ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ತಿಂದಳು. “ಏನೂ ರುಚಿ ಹತ್ತವಲ್ದು,” ಎಂದಳು. “ಆಕಿ ಅಡಗಿ ಮೊದ್ಲೂ ಹಂಗ ಇತ್ತು ಬಿಡ್ರಿ.”

ಆ ಮಾತಿನಿಂದ ನನಗೆ ಎಷ್ಟು ಧೈರ್ಯ ಬಂತೆಂದರೆ, ಅಂದು ನಿದ್ದೆ ಮಾಡಿಬಿಟ್ಟೆ.

ಬೆಳಿಗ್ಗೆ ಆಕೆಯ ತುಟಿ ನೀಲಿಯಾಗಿತ್ತು.

ಆಂಬುಲೆನ್ಸ್ ಬಂತು. ಮೈತುಂಬ ಪ್ಲಾಸ್ಟಿಕ್ ತೊಟ್ಟ ಇಬ್ಬರು ಆಕೆಯನ್ನು ಸ್ಟ್ರೆಚರ್ ಮೇಲೆ ತಂದರು. ಓಣಿಯವರೆಲ್ಲ ಹೊರಗೆ ಬಂದು ದೂರ ದೂರ ನಿಂತಿದ್ದರು, ಒಬ್ಬರೂ ಬಾಯಿ ತೆಗೆಯಲಿಲ್ಲ. ಹುಸೇನಬಿಗೇ ತಡೆಯಲಾಗಲಿಲ್ಲ. “ಹೋಗಿ ಬಾರಬೇ ಗಂಗಕ್ಕಾ! ಬರ್ತೀನಿ ಅನ್ನು!” ಎಂದು ಚೀರಿದಳು. ಗಂಗವ್ವನ ಮುಖದ ಮೇಲೆ ಮಾಸ್ಕ್ ಇತ್ತು. ಏನಾದರೂ ಅಂದಳೋ ಇಲ್ಲವೋ ನನಗೆ ಕಾಣಲಿಲ್ಲ.

ಹುಬ್ಬಳ್ಳಿಯಲ್ಲಿ ಮೊದಲನೆಯ ಆಸ್ಪತ್ರೆಯ ಬಾಗಿಲಲ್ಲಿ, “ಬೆಡ್ ಇಲ್ರಿ, ಬ್ಯಾರೆ ಕಡೆ ನೋಡ್ರಿ” ಎಂದರು. ಎರಡನೆಯದರಲ್ಲೂ ಅದೇ. ನಾನು ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಸೀಟಿಲ್ಲ, ಮುಂದಿನ ಬಸ್ಸಿಗೆ ಬರ್ರಿ ಎಂದು ಸಾವಿರಾರು ಮಂದಿಗೆ ಹೇಳಿದ್ದೇನೆ. ಆದರೆ ಅಲ್ಲಿ ಮುಂದಿನ ಬಸ್ಸು ಎಂಬುದೊಂದು ಇರುತ್ತಿತ್ತು. ಮೂರನೆಯ ಕಡೆ ಆಗಷ್ಟೇ ಒಂದು ಬೆಡ್ ಖಾಲಿಯಾಗಿತ್ತು. ಹೇಗೆ ಖಾಲಿಯಾಯಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನನ್ನನ್ನು ಒಳಗೆ ಬಿಡಲಿಲ್ಲ. ಅಳ್ನಾವರದಲ್ಲಿರುವ ಮಗಳು ಫೋನಿನಲ್ಲಿ ಅತ್ತಳು. ನಾನು ಹೂಂ ಎನ್ನುತ್ತಿದ್ದೆ. ದಿನಕ್ಕೊಮ್ಮೆ ನರ್ಸ್ ಹೊರಗೆ ಬಂದು, “ಹಂಗ ಅದಾರ್ರಿ” ಎನ್ನುತ್ತಿದ್ದಳು. ಹಾಗೇ ಇದ್ದಾರೆ ಎಂಬುದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಎಂದು ಆಸ್ಪತ್ರೆಯ ಅಂಗಳದಲ್ಲಿ ಕುಳಿತಿದ್ದ ನಾವೆಲ್ಲ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು, ಕೇಳಿಸಿಕೊಂಡವನ ಹೆಸರನ್ನು ಒಳಗಿನಿಂದ ಕೂಗಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ವೈದ್ಯರು ಮಾಡುವುದನ್ನೆಲ್ಲ ಮಾಡಿದರು. ಊರವರು ಏನು ಮಾಡಬೇಕೆಂದು ತಿಳಿಯದೆ ದಿನಾ ಫೋನ್ ಮಾಡಿದರು. ಉಳಿದವರು ಉಳಿದರು, ಹೋದವರು ಹೋದರು. ಅದಕ್ಕೆ ಕಾರಣ ಹುಡುಕುವುದನ್ನು ನಾನು ಅಲ್ಲಿಯೇ ಬಿಟ್ಟೆ.

ಒಂದು ಮಧ್ಯಾಹ್ನ ನರ್ಸ್ ನನ್ನ ಹೆಸರು ಕೂಗಿದಳು. “ಜನರಲ್ ವಾರ್ಡಿಗೆ ಹಾಕೇವ್ರಿ. ಬಂದು ನೋಡ್ರಿ,” ಎಂದಳು.

ಗಂಗವ್ವ ಮನೆಗೆ ಬಂದಿದ್ದಾಳೆ. ಶ್ವಾಸಕೋಶ ಗಡುಸಾಗಿ ಫೈಬ್ರೋಸಿಸ್ ಆಗಿದೆ, ಅದು ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಅಡುಗೆ ಮನೆಯಿಂದ ಬಾಗಿಲ ತನಕ ನಡೆಯುತ್ತಾಳೆ, ಆಮೇಲೆ ಕುಳಿತುಕೊಳ್ಳುತ್ತಾಳೆ. ಮಂಚದ ಬಾಜು ಆಕ್ಸಿಜನ್ ಮಷಿನ್ ಇದೆ. ಕರೆಂಟು ಹೋದಾಗ ಅದು ನಿಲ್ಲುತ್ತದೆ, ಮತ್ತೆ ಬರುವ ತನಕ ನಾನು ಆಕೆಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಅಂಕಿ ನೋಡುತ್ತ ಕೂಡುತ್ತೇನೆ.